ಗಾಳಿಯಕ್ಕ ಕೆಮ್ಮಲು ಕಲಿತದ್ದು

ಗಾಳಿಯಕ್ಕನ ಬಾಯಿಗೆ ಹೆದರದ ಲಾರಿ ಡ್ರೈವರ್ ಆ ಹೆದ್ದಾರಿಯಲ್ಲಿ ಒಬ್ಬನೂ ಇರಲಿಲ್ಲ. ಚಕ್ರ ಬಿಚ್ಚಿದ ಕೂಡಲೇ ಟಯರಿನ ಮೇಲೆ ಕೈಯಾಡಿಸಿ, "ಇದನ್ನ ಟಯರ್ ಅಂತ ಯಾರು ಹೇಳಿದ್ರು ನಿನಗೆ? ಬೋಳು ತಲೆ ಇದು!" ಎಂದು ಅವಳು ಶುರು ಹಚ್ಚಿಕೊಂಡರೆ ಆರಡಿ ಆಳುಗಳೂ ಪಾಠ ಓದದೆ ಬಂದ ಹುಡುಗರ ಹಾಗೆ ನೆಲ ನೋಡುತ್ತಾ ನಿಲ್ಲುತ್ತಿದ್ದರು. ಬೈಗುಳ ಮುಗಿಯುವ ಹೊತ್ತಿಗೆ ಪಂಕ್ಚರ್ ಹಾಕಿಯೂ ಆಗಿರುತ್ತಿತ್ತು. ಹಾಗಾಗಿ ಯಾರೂ ಎದುರು ಮಾತಾಡುತ್ತಿರಲಿಲ್ಲ, ಬೇರೆ ಅಂಗಡಿಗೂ ಹೋಗುತ್ತಿರಲಿಲ್ಲ.

ಹೆದ್ದಾರಿಯಿಂದ ಊರೊಳಕ್ಕೆ ತಿರುಗುವ ಮೂಲೆಯಲ್ಲಿ ಅವಳ ಅಂಗಡಿ. ತಗಡಿನ ಮಾಡು, ಗುಡುಗುವ ಕಂಪ್ರೆಸರ್, ಗೋಡೆಗೊರಗಿಸಿದ ಹಳೆಯ ಟಯರುಗಳು, ನಡುವೆ ಸಿಮೆಂಟಿನ ನೀರಿನ ತೊಟ್ಟಿ. ಅಪ್ಪ ಈ ಕೆಲಸ ಕಲಿಸಹೊರಟದ್ದು ಮಗನಿಗೆ. ಮಗ ಲಾರಿ ಹತ್ತಿ ಹೋದ. ಪಕ್ಕದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದ ಮಗಳಿಗೆ ಕೆಲಸ ಅಂಟಿಕೊಂಡಿತು. ಹೆಣ್ಣು ನೋಡಲು ಬಂದವರೆಲ್ಲ ಅವಳ ಕಪ್ಪಗಾದ ಉಗುರು ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಕೊನೆಗೆ ಅವಳೇ, "ಉಗುರು ನೋಡೋಕೆ ಬರೋರಿಗೆ ನಾನು ಕೈ ಕೊಡಲ್ಲಪ್ಪ," ಎಂದು ಮದುವೆಯ ಮಾತಿಗೆ ಮಂಗಳ ಹಾಡಿದಳು.

ಅವಳದೊಂದು ಕಟ್ಟುನಿಟ್ಟು. ಪ್ಯಾಚ್ ಅಂಟಿಸಿದ ಟ್ಯೂಬಿಗೆ ಗಾಳಿ ಹೊಡೆದು, ತೊಟ್ಟಿಯಲ್ಲಿ ಮುಳುಗಿಸಿ, ಸುತ್ತಲೂ ತಿರುಗಿಸಿ ನೋಡುವಳು. ಎಲ್ಲಾದರೂ ಒಂದೇ ಒಂದು ಗುಳ್ಳೆ ಎದ್ದರೂ ಆ ಟ್ಯೂಬು ಅಂಗಡಿಯ ಹೊಸಿಲು ದಾಟುವಂತಿಲ್ಲ. "ಚಿಕ್ಕ ಗುಳ್ಳೆ ಅಲ್ವಾಕ್ಕಾ, ಹೇಗೋ ಊರು ಮುಟ್ಕೋತೀನಿ," ಎಂದು ಗೋಗರೆದವನ ಎದುರಿಗೇ ಪ್ಯಾಚ್ ಕಿತ್ತು ಮೊದಲಿನಿಂದ ಶುರು. ಗುಳ್ಳೆ ಎಂದರೆ ಕೆಲಸ ಕೆಟ್ಟಿತು, ಗುಳ್ಳೆ ಎಂದರೆ ಮಾನ ಹೋಯಿತು. ಹುಡುಗಿಯಾಗಿದ್ದಾಗಿನಿಂದ ಅವಳ ತಲೆಯಲ್ಲಿ ಬೇರುಬಿಟ್ಟ ಈ ಲೆಕ್ಕವೇ ಮುಂದೆ ಅವಳನ್ನು ಹಳ್ಳಕ್ಕೆ ಕೆಡವಿತು.

ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳೊಂದಿಗೆ ಇದ್ದವಳು ಅತ್ತಿಗೆ. ಅಣ್ಣ ತೀರಿಕೊಂಡಾಗ ಅತ್ತಿಗೆಯ ತವರಿನವರು ಕರೆದುಕೊಂಡು ಹೋಗಲು ಬಂದಿದ್ದರು. ಅತ್ತಿಗೆ ಗಂಟುಮೂಟೆ ಕಟ್ಟಿದ್ದೂ ಆಗಿತ್ತು. ಗಾಳಿಯಕ್ಕ ಬಾಗಿಲಿಗೆ ಅಡ್ಡ ನಿಂತು, "ಹೋಗೋದಾದ್ರೆ ಹೋಗು. ಆದ್ರೆ ನನಗೆ ಅಡುಗೆ ಬರಲ್ಲ ಅನ್ನೋದು ನಿನಗೆ ಗೊತ್ತಿದೆ," ಅಂದಳು. ಇದಕ್ಕಿಂತ ಮೆತ್ತಗೆ ಪ್ರೀತಿ ತೋರಿಸುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅತ್ತಿಗೆ ಗಂಟು ಬಿಚ್ಚಿದಳು, ಅಂಗಡಿಯ ಪಕ್ಕಕ್ಕೆ ಮೇಜು ಹಾಕಿ ಬಟ್ಟೆ ಇಸ್ತ್ರಿ ಮಾಡತೊಡಗಿದಳು. ಅಂದಿನಿಂದ ಇಬ್ಬರೂ ದಿನವಿಡೀ ಜಗಳಾಡುತ್ತಾ, ಒಬ್ಬರನ್ನೊಬ್ಬರು ಬಿಟ್ಟು ಉಣ್ಣದೆ ಬದುಕಿಕೊಂಡು ಬಂದಿದ್ದರು.

ಡ್ರೈವರುಗಳ ಪೈಕಿ ಬ್ರೇಕಿಲ್ಲದಣ್ಣ ಎಂಬವನೊಬ್ಬ. ಲಾರಿಗೆ ಬ್ರೇಕು ಚೆನ್ನಾಗಿಯೇ ಇತ್ತು, ಇಲ್ಲದ್ದು ಅವನ ಬಾಯಿಗೆ. ಒಂದು ಬೆಳಿಗ್ಗೆ ಅವನ ಲಾರಿಯ ಚಕ್ರ ಕಳಚುವಾಗ ಜಾರಿ ಗಾಳಿಯಕ್ಕನ ಪಕ್ಕೆಗೆ ಬಡಿಯಿತು. ಅವಳು ಎಣ್ಣೆ ತಿಕ್ಕಿಕೊಂಡು ಕೆಲಸ ಮುಂದುವರಿಸುವವಳೇ. ಅತ್ತಿಗೆ ಇಸ್ತ್ರಿಪೆಟ್ಟಿಗೆ ಆರಿಸಿ, ಬದಲಿ ಚಕ್ರ ಹಾಕಿಸಿ, ಬ್ರೇಕಿಲ್ಲದಣ್ಣನ ಲಾರಿಯಲ್ಲೇ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಪಕ್ಕೆಲುಬು ಮುರಿದಿರಲಿಲ್ಲ. ಆದರೆ ಎಕ್ಸ್‌ರೇ ನೋಡಿದವರು ಸ್ಕ್ಯಾನ್ ಮಾಡಿಸಿ ಎಂದರು, ಸ್ಕ್ಯಾನ್ ಮಾಡಿದವರು ದೊಡ್ಡಾಸ್ಪತ್ರೆಗೆ ಹೋಗಿ ಎಂದರು.

ದೊಡ್ಡಾಸ್ಪತ್ರೆಯ ಸರ್ಜನ್ ಮೇಡಂ ಸುತ್ತಿ ಬಳಸಿ ಮಾತಾಡುವವರಲ್ಲ. "ಎರಡೂ ಶ್ವಾಸಕೋಶದಲ್ಲಿ ಒಂದೊಂದು ಗಂಟಿದೆ. ಬಲಗಡೆ ಸ್ವಲ್ಪ ದೊಡ್ಡದು, ಎಡಗಡೆ ಚಿಕ್ಕದು. ಏನು ಅಂತ ಹೊರಗಿಂದ ಹೇಳೋಕಾಗಲ್ಲ. ತೆಗೆದು ನೋಡ್ಬೇಕು."

ಗಾಳಿಯಕ್ಕ ಹೆದರಿದಳು. ಹಾಗೆಂದು ಮುಖದಲ್ಲಿ ತೋರಿಸುವವಳೇ ಅವಳು! "ನಾನು ಬೀಡಿ ಸಿಗರೇಟು ಮುಟ್ಟಿದವಳಲ್ಲ," ಎಂದಳು, ಯಾರೋ ತಪ್ಪು ವಿಳಾಸಕ್ಕೆ ಬಂದಿದ್ದಾರೆಂಬ ಧಾಟಿಯಲ್ಲಿ.

"ಸೇದದವರಿಗೂ ಬರುತ್ತೆ. ಯಾಕೆ ಬಂತು ಅಂತ ಹೇಳೋಕಾಗಲ್ಲ. ತೆಗೀಬಹುದು ಅಂತ ಹೇಳಬಲ್ಲೆ."

"ಎದೆ ಸೀಳ್ತೀರಾ?"

"ಇಲ್ಲ. ಪಕ್ಕೆಯಲ್ಲಿ ಮೂರು ಚಿಕ್ಕ ತೂತು. ಒಂದರಲ್ಲಿ ಕ್ಯಾಮೆರಾ ಹೋಗುತ್ತೆ, ಉಳಿದದ್ದರಲ್ಲಿ ಸಲಕರಣೆ. ಗಂಟಿರೋ ಭಾಗ ಕತ್ತರಿಸಿ, ಅಲ್ಲೇ ಪಿನ್ನು ಹೊಡೆದು ಮುಚ್ಚಿ, ತೂತಿನಿಂದಲೇ ಹೊರಗೆ ತೆಗೀತೀವಿ."

ತೂತು, ಮುಚ್ಚುವುದು ಎಂಬ ಮಾತು ಕೇಳಿ ಗಾಳಿಯಕ್ಕನಿಗೆ ಅರ್ಧ ಧೈರ್ಯ ಬಂತು. "ಹಾಗಾದ್ರೆ ಎರಡೂ ಕಡೆದು ಒಂದೇ ಸಲಕ್ಕೆ ಮುಗಿಸಿಬಿಡಿ. ಅಂಗಡಿ ಮುಚ್ಚಿ ಬಂದಿದೀನಿ."

ಮೇಡಂ ತಲೆಯಾಡಿಸಿದರು. "ಕೆಲವರಿಗೆ ಹಾಗೂ ಮಾಡ್ತೀವಿ. ನಿಮ್ಮ ಉಸಿರಿನ ಪರೀಕ್ಷೆ ನೋಡಿದ್ರೆ ನಿಮಗೆ ಬೇಡ. ಒಂದು ಕಡೆ ಕೆಲಸ ಮಾಡುವಾಗ ಆ ಕಡೆಯ ಗಾಳಿ ಪೂರ್ತಿ ಇಳಿಸ್ತೀವಿ. ಅಷ್ಟೂ ಹೊತ್ತು ಇನ್ನೊಂದು ಕಡೆಯದೇ ಒಬ್ಬಂಟಿಯಾಗಿ ಉಸಿರಾಡ್ಬೇಕು. ಮೊದಲು ಬಲಗಡೆ. ಅದು ಗುಣ ಆಗಿ ಚೆನ್ನಾಗಿ ಹಿಗ್ಗಿದ ಮೇಲೆ ಎಡಗಡೆ. ಬಲಗಡೆಯದು ಗಟ್ಟಿ ಇಲ್ದೆ ನಾನು ಎಡಗಡೆ ಮುಟ್ಟೋದಿಲ್ಲ."

"ಅರ್ಥ ಆಯ್ತು," ಎಂದಳು ಗಾಳಿಯಕ್ಕ. "ಒಂದು ಚಕ್ರ ಬಿಚ್ಚಿದಾಗ ಗಾಡಿ ಉಳಿದದ್ದರ ಮೇಲೇ ನಿಲ್ಬೇಕು. ಬಲಗಡೆದು ನಿಲ್ಲಿಸೋ ಜವಾಬ್ದಾರಿ ನಂದು."

ಅತ್ತಿಗೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಅಳು ನುಂಗುತ್ತಿದ್ದಳು. "ನೀನ್ಯಾಕೆ ಈಗಲೇ ಶುರು ಮಾಡ್ದೆ? ಇನ್ನೂ ಬಾನೆಟ್ಟೇ ತೆಗೆದಿಲ್ಲ," ಎಂದು ಅವಳನ್ನು ಗದರಿಸಿದ ಗಾಳಿಯಕ್ಕ ಸರ್ಜನ್ ಮೇಡಂ ಹೇಳಿದ ದಿನ ಆಸ್ಪತ್ರೆ ಸೇರಿದಳು.

ಬಲಗಡೆಯ ಆಪರೇಷನ್ ಸಲೀಸಾಗಿ ಆಯಿತು. ಎಚ್ಚರವಾದಾಗ ಪಕ್ಕೆಯಲ್ಲಿ ಯಾರೋ ಟಯರ್ ಬಿಚ್ಚುವ ಸಲಾಕೆ ಕಾಯಿಸಿ ಸಿಕ್ಕಿಸಿ ಮರೆತುಹೋದ ಹಾಗಿತ್ತು. ಕಣ್ಣು ಬಿಟ್ಟು ನೋಡಿದರೆ ಅಲ್ಲಿಂದೊಂದು ನಳಿಗೆ ಹೊರಟು ಮಂಚದ ಕೆಳಗಿನ ಪ್ಲಾಸ್ಟಿಕ್ ಡಬ್ಬಿಗೆ ಇಳಿದಿತ್ತು. ಡಬ್ಬಿಯಲ್ಲಿ ನೀರು. ಅವಳಿಗೆ ಕೆಮ್ಮು ಬಂತು, ಕೆಮ್ಮಿದಳು. ನೀರಿನಲ್ಲಿ ಬುಳುಬುಳು ಎಂದು ಗುಳ್ಳೆಗಳು ಎದ್ದವು.

ಗಾಳಿಯಕ್ಕನಿಗೆ ನೋವು ಗೀವು ಎಲ್ಲ ಮರೆತೇಹೋಯಿತು. ಪ್ಯಾಚ್ ಬಿಟ್ಟಿದೆ! ಪಾಪ, ಮೇಡಂ ಅಷ್ಟು ಕಷ್ಟಪಟ್ಟು ಮಾಡಿದ ಕೆಲಸ ಸೋರುತ್ತಿದೆ. ಇದು ಅವರ ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಶುರು, ಎಡಗಡೆಯದಂತೂ ದೂರವೇ ಉಳಿಯಿತು. ಅವಳ ಜಾಗದಲ್ಲಿ ಬೇರೆ ಯಾರಿದ್ದರೂ ನರ್ಸನ್ನು ಕರೆದು ಇದೇನು ಎಂದು ಕೇಳುತ್ತಿದ್ದರು. ಕೇಳಲು ಇವಳಿಗೇನಿದೆ? ಗುಳ್ಳೆಯ ವಿಷಯದಲ್ಲಿ ಇವಳಿಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬುದು ಇವಳ ನಂಬಿಕೆ. ಅವಳು ಉಸಿರನ್ನು ಸಣ್ಣದು ಮಾಡಿದಳು. ಗುಳ್ಳೆ ಕಡಿಮೆಯಾಯಿತು. ಇನ್ನೂ ಸಣ್ಣದು ಮಾಡಿದಳು. ನೀರು ತಣ್ಣಗೆ ಕೂತಿತು.

"ಅತ್ತಿಗೆ, ಇಲ್ಲಿ ಬಾ. ಆ ಡಬ್ಬಿ ಮೇಲೆ ಒಂದು ಕಣ್ಣಿಟ್ಟಿರು," ಎಂದು ಪಿಸುಗುಟ್ಟಿದಳು. "ಗುಳ್ಳೆ ಬಂದ್ರೆ ನನಗೆ ಹೇಳು. ಅವರಿಗಲ್ಲ, ನನಗೆ."

ಅತ್ತಿಗೆ ಕುರ್ಚಿ ಎಳೆದುಕೊಂಡು ಡಬ್ಬಿಯ ಕಾವಲಿಗೆ ಕೂತಳು. ಅವಳಿಗೂ ಗುಳ್ಳೆ ಎಂದರೆ ಅಂಗಡಿಯ ಗುಳ್ಳೆಯೇ. ನೀರು ಅಲುಗಿದರೆ ಸಾಕು, "ಬಂತು, ಬಂತು, ಮೆಲ್ಲಗೆ!" ಎನ್ನುವಳು, ಗಾಳಿಯಕ್ಕ ಹಲ್ಲು ಕಚ್ಚಿ ಉಸಿರು ಅದುಮುವಳು. ಪಕ್ಕದ ಮಂಚದವರ ಮೊಬೈಲಿನಲ್ಲಿ ನಗೆನಾಟಕ ಶುರುವಾದರೆ ಅತ್ತಿಗೆ ಹೋಗಿ ಕೈಮುಗಿದು ನಿಲ್ಲಿಸಿ ಬರುವಳು. ಸರ್ಜನ್ ಮೇಡಂ ಬಂದು ಕೆಮ್ಮಿ ಎಂದರೆ ಗಾಳಿಯಕ್ಕ ಗಂಟಲಲ್ಲೇ ಒಂದು ಸುಳ್ಳು ಕೆಮ್ಮು ಕೆಮ್ಮಿ ತೋರಿಸುವಳು.

ಉಸಿರಿನ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಫಿಸಿಯೋಥೆರಪಿಯವರಿಗೆ ಅವಳು ಕೆಮ್ಮಿನ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ನರೆತ ಮೀಸೆಯ, ಸಾವಧಾನದ ಮನುಷ್ಯ. ಮೂರು ಚೆಂಡಿನ ಒಂದು ಆಟಿಕೆಯಂಥದ್ದನ್ನು ಕೈಗೆ ಕೊಟ್ಟು, "ಎಳೀರಿ, ಒಳಕ್ಕೆ ಎಳೀರಿ, ಮೂರೂ ಚೆಂಡು ಮೇಲೆ ಹೋಗ್ಬೇಕು," ಎನ್ನುತ್ತಿದ್ದರು. ಒಂದು ಚೆಂಡು ಅರ್ಧಕ್ಕೆ ಏರಿ ಬೀಳುತ್ತಿತ್ತು. "ನೋವು ಮೇಷ್ಟ್ರೇ," ಎಂದು ಅವಳು ಮುಖ ಹಿಂಡುವಳು. ನೋವಿದ್ದದ್ದು ನಿಜ. ಚೆಂಡು ಏರದಿದ್ದದ್ದು ಮಾತ್ರ ಆ ಕಾರಣಕ್ಕಲ್ಲ.

ಡಬ್ಬಿ ಶಾಂತವಾಗಿತ್ತು. ಗಾಳಿಯಕ್ಕ ಗೆದ್ದೆ ಎಂದುಕೊಂಡಳು. ಅಷ್ಟರಲ್ಲಿ ಜ್ವರ ಬಂತು.

ಎಕ್ಸ್‌ರೇ ಹಿಡಿದುಕೊಂಡು ಬಂದ ಸರ್ಜನ್ ಮೇಡಂ ಮಂಚದ ಅಂಚಿನಲ್ಲೇ ಕೂತರು. "ಎರಡು ವಿಷಯ. ಬಲಗಡೆಯ ಗಂಟಿನ ವರದಿ ಬಂದಿದೆ. ಅದು ಕ್ಯಾನ್ಸರ್. ಗಾಬರಿ ಬೇಡ, ಮೊದಲ ಹಂತದ್ದು, ಪೂರ್ತಿ ತೆಗೆದಿದೀವಿ. ಆದ್ರೆ ಎಡಗಡೆಯದೂ ಅದೇ ಇರಬಹುದು, ಹಾಗಾಗಿ ಅದು ಬೇಗ ಹೊರಗೆ ಬರಬೇಕು. ಎರಡನೇದು, ನಿಮ್ಮ ಬಲ ಶ್ವಾಸಕೋಶದ ಕೆಳಭಾಗ ಮುದುಡಿಕೊಂಡಿದೆ. ಇದು ಹಿಗ್ಗದೆ ನಾನು ಎಡಗಡೆಗೆ ಕೈ ಹಾಕೋ ಹಾಗಿಲ್ಲ."

ಮೇಡಂ ಎದ್ದು ಹೋದರು. ಸಾಯುವ ಭಯ ಗಾಳಿಯಕ್ಕನಿಗೆ ಮೊದಲ ಸಲ ನಿಜವಾಗಿ ತಟ್ಟಿದ್ದು ಆಗ. ಅತ್ತಿಗೆ ಒಬ್ಬಳೇ ಆ ಎರಡು ಕೋಣೆಯಲ್ಲಿ ಒಂದೇ ತಟ್ಟೆ ಇಟ್ಟುಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ಹಾಗಾಗಕೂಡದು. ಅದಕ್ಕೆ ಅವಳು ಏನು ನಿಶ್ಚಯ ಮಾಡಿದಳು ಗೊತ್ತೇ? ಇನ್ನೂ ಬಿಗಿಯಾಗಿ ಉಸಿರು ಹಿಡಿಯಬೇಕು, ಒಂದು ಗುಳ್ಳೆಯನ್ನೂ ಬಿಡಬಾರದು ಎಂದು! ಹಠಕ್ಕೇನೂ ಕೊರತೆಯಿರಲಿಲ್ಲ, ಅದು ಹೊರಟ ದಿಕ್ಕು ಮಾತ್ರ ತಿರುಗುಮುರುಗಾಗಿತ್ತು.

ಅವಳನ್ನು ಉಳಿಸಿದ್ದು ಬ್ರೇಕಿಲ್ಲದಣ್ಣ. ಮಧ್ಯಾಹ್ನ ನೋಡಲು ಬಂದವನನ್ನು ಅತ್ತಿಗೆ ಬಾಗಿಲಲ್ಲೇ ತಡೆದು, "ನಗಿಸೋ ಹಾಗಿಲ್ಲ," ಎಂದು ಆಣೆ ಮಾಡಿಸಿಯೇ ಒಳಗೆ ಬಿಟ್ಟಳು. ಅವನು ಮುಖ ಗಂಟಿಕ್ಕಿಕೊಂಡು ಕೂತ. ಸ್ವಲ್ಪ ಹೊತ್ತು ತಡೆದ. ತಡೆಯಲಾಗಲಿಲ್ಲ.

"ಅಕ್ಕಾ, ನೀನಿಲ್ಲ ಅಂತ ಆಚೆ ಅಂಗಡಿಗೆ ಹೋಗಿದ್ದೆ. ಅವನು ಒಂದು ಮಾತೂ ಬೈಲಿಲ್ಲ, ಚಕ್ರ ಹಾಕಿ ನಮಸ್ಕಾರ ಅಂದ. ನನಗೆ ಅನುಮಾನ ಬಂದು ಇಳಿದು ನೋಡ್ತೀನಿ, ಪಂಕ್ಚರ್ ಆದ ಚಕ್ರ ಹಾಗೇ ಇದೆ, ಚೆನ್ನಾಗಿರೋದಕ್ಕೆ ಪ್ಯಾಚ್ ಹಾಕಿದಾನೆ!"

ಗಾಳಿಯಕ್ಕ ತುಟಿ ಕಚ್ಚಿದಳು, ಮೂಗು ಹಿಡಿದಳು, ಕೊನೆಗೆ ಸ್ಫೋಟಿಸಿದ ಹಾಗೆ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಡಬ್ಬಿಯ ನೀರು ಕೊತಕೊತ ಕುದಿಯಿತು. "ಬಿಡ್ತು! ಪ್ಯಾಚ್ ಬಿಡ್ತು!" ಎಂದು ಅವಳು ಪಕ್ಕೆ ಅದುಮಿಕೊಂಡು ಚೀರಿದಳು. ಅತ್ತಿಗೆ ಡಬ್ಬಿಯ ಮುಂದೆ ಸೆರಗು ಹರಡಿ ಮರೆ ಮಾಡಿದಳು. ಅದೇ ಹೊತ್ತಿಗೆ ಕೆಮ್ಮಿನ ಮೇಷ್ಟ್ರು ಒಳಗೆ ಕಾಲಿಟ್ಟರು.

ಅವರು ಡಬ್ಬಿ ನೋಡಿದರು, ಸೆರಗು ನೋಡಿದರು, ಅಪರಾಧಿಗಳ ಮುಖ ನೋಡಿದರು. "ಏನಮ್ಮಾ ಬಿಟ್ಟಿದ್ದು?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಗಾಳಿಯಕ್ಕ ಎಲ್ಲವನ್ನೂ ಹೇಳಿಬಿಟ್ಟಳು: ಎಚ್ಚರವಾದಾಗಲೇ ಗುಳ್ಳೆ ನೋಡಿದ್ದು, ಉಸಿರು ಅದುಮಿ ಹಿಡಿದದ್ದು, ಸುಳ್ಳು ಕೆಮ್ಮು. "ಮೇಡಂ ತಪ್ಪಲ್ಲ ಮೇಷ್ಟ್ರೇ. ಒಳ್ಳೆ ಕೆಲಸಗಾರರಿಗೂ ಒಂದೊಂದ್ಸಲ ಹಿಡಿಯಲ್ಲ. ಅದೇ ಹಿಡ್ಕೊಳ್ಳಲಿ ಅಂತ ಕಾಯ್ತಾ ಇದ್ದೆ."

ಮೇಷ್ಟ್ರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ಕತ್ತರಿಸಿದ ಜಾಗದಲ್ಲಿ ಮೊದಮೊದಲು ಸ್ವಲ್ಪ ಸೋರೋದು ಉಂಟಮ್ಮಾ, ಅದು ನಮಗೆ ಗೊತ್ತಿದ್ದದ್ದೇ. ಆ ಗಾಳಿ ಒಳಗೆ ಉಳಿದ್ರೆ ಶ್ವಾಸಕೋಶವನ್ನ ಒತ್ತಿಹಾಕುತ್ತೆ. ಅದು ಹೊರಗೆ ಹೋಗಲಿ ಅಂತಾನೇ ನಳಿಗೆ ಇಟ್ಟಿರೋದು. ಗುಳ್ಳೆ ಬರಬೇಕು. ನೀವು ಉಸಿರು ಹಿಡಿದದ್ದಕ್ಕೆ ತೂತು ಮುಚ್ಚಲಿಲ್ಲ, ಶ್ವಾಸಕೋಶ ಮುದುಡಿತು. ಅದು ಚೆನ್ನಾಗಿ ಹಿಗ್ಗಿ ಎದೆಗೂಡಿನ ಗೋಡೆಗೆ ಒತ್ತಿ ಕೂತಾಗಲೇ ತೂತು ಮುಚ್ಚೋದು."

ಗಾಳಿಯಕ್ಕನಿಗೆ ಅಂಗಡಿ ನೆನಪಾಯಿತು. ಟಯರಿನಿಂದ ಹೊರಗಿರುವ ಟ್ಯೂಬಿನ ಪ್ಯಾಚು ಏಳಬಹುದು. ಒಳಗೆ ತುಂಬಿ, ಟಯರಿನ ಮೈಗೆ ಒತ್ತಿ ಕೂತರೆ ಗಟ್ಟಿಯಾಗಿ ನಿಲ್ಲುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲವೇ? ದಿನಾ ಕೈಯಾರೆ ಮಾಡುತ್ತಿದ್ದದ್ದನ್ನೇ ತನ್ನ ಮೈಯಲ್ಲಿ ಮರೆತು, ತೊಟ್ಟಿಯ ನೀರೊಂದನ್ನೇ ನೆನಪಿಟ್ಟುಕೊಂಡಿದ್ದಳು. ಅವಳಿಗೆ ತನ್ನ ಮೇಲೇ ಕೆಟ್ಟ ಕೋಪ ಬಂತು. ನಾಚಿಕೆಯೂ ಆಯಿತು.

"ಆ ಆಟಿಕೆ ಇತ್ತ ಕೊಡಿ," ಎಂದಳು.

ಮೇಷ್ಟ್ರು ಹೇಳಿದಂತೆ ದಿಂಬನ್ನು ಪಕ್ಕೆಗೆ ಅವುಚಿ ಹಿಡಿದು ಉಸಿರೆಳೆದಳು. ಒಳಗೆ ಏನೋ ಹರಿದ ಹಾಗಾಯಿತು, ಕಣ್ಣಲ್ಲಿ ನೀರು ಧಾರಾಕಾರ. ಒಂದು ಚೆಂಡು ಮೇಲೇರಿತು, ಇನ್ನೊಂದು ಅಲುಗಾಡಿತು. "ಈಗ ಕೆಮ್ಮಿ, ಹೊಟ್ಟೆಯಿಂದ." ಕೆಮ್ಮಿದಳು. ಗುಳ್ಳೆಗಳು ನುಗ್ಗಿ ಬಂದವು. ಕಂಡ ಕೂಡಲೇ ಅವಳ ಉಸಿರು ತಾನಾಗಿಯೇ ಕಚ್ಚಿಕೊಂಡಿತು. ನೋವಿಗಿಂತ ಕಷ್ಟವಾದದ್ದು ಇದು: ಕಣ್ಣೆದುರೇ ಸೋರುತ್ತಿದ್ದರೂ ತಡೆಯದೆ ಇರುವುದು. ಅವಳು ತನಗೇ ಬೈದುಕೊಂಡಳು, ಡ್ರೈವರುಗಳಿಗೆ ಬೈಯುವ ಅಷ್ಟೂ ಬೈಗುಳ ಬಳಸಿ. ಮತ್ತೆ ಕೆಮ್ಮಿದಳು.

ಅಂದಿನಿಂದ ಆ ವಾರ್ಡಿಗೆ ನೆಮ್ಮದಿಯಿಲ್ಲ. ಬೆಳಿಗ್ಗೆ ಕಾರಿಡಾರಿನಲ್ಲಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಗಾಳಿಯಕ್ಕನ ಮೆರವಣಿಗೆ. ಹಿಂದೆ ದಿಂಬು ಹೊತ್ತ ಅತ್ತಿಗೆ. ಕಾರಿಡಾರಿನ ಕೊನೆ ಮುಟ್ಟಿ ನಿಂತು ಕೆಮ್ಮುವುದು, ತಿರುಗಿ ಬಂದು ಕೆಮ್ಮುವುದು. ಜ್ವರದ ಔಷಧಿ ನುಂಗಿ ಅರ್ಧ ಗಂಟೆ ಮಲಗಿ, ಎದ್ದು ಮತ್ತೆ ಚೆಂಡು ಎಳೆಯುವುದು. ಬೇಡವಪ್ಪಾ ಸಾಕು ಎನಿಸಿ ಗೋಡೆ ಕಡೆ ಮುಖ ಮಾಡಿದ ದಿನಗಳೂ ಇದ್ದವು. ಆಗ ಅತ್ತಿಗೆ ದಿಂಬು ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಇರುತ್ತಿದ್ದಳು. ಎಷ್ಟು ಹೊತ್ತು ನಿಲ್ಲುತ್ತಾಳೆ ನೋಡೋಣ ಎಂದು ಗಾಳಿಯಕ್ಕ ಕಣ್ಣು ಮುಚ್ಚುವಳು. ತೆರೆದರೆ ಅತ್ತಿಗೆ ಅಲ್ಲೇ. ಎದ್ದು ಕೂರದೆ ಗತಿಯಿರಲಿಲ್ಲ.

ಗುಳ್ಳೆಗಳು ದಿನೇ ದಿನೇ ಕಡಿಮೆಯಾದವು. ಮೂರೂ ಚೆಂಡು ಮೇಲೆ ಹಾರಿದ ದಿನ ಎಷ್ಟು ಕೆಮ್ಮಿದರೂ ನೀರು ಮಿಸುಕಲಿಲ್ಲ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶ ಪಕ್ಕೆಲುಬಿಗೆ ಒತ್ತಿ ತುಂಬಿಕೊಂಡು ಕೂತಿತ್ತು. ನಳಿಗೆ ತೆಗೆದರು, ಮನೆಗೆ ಕಳಿಸಿದರು. ಮನೆಯಲ್ಲೂ ಅವಳು ಚೆಂಡು ಬಿಡಲಿಲ್ಲ. ಅಂಗಡಿಯ ಬಾಗಿಲು ಅರ್ಧ ತೆರೆದು, ಕುರ್ಚಿ ಹಾಕಿಕೊಂಡು ಚೆಂಡು ಎಳೆಯುತ್ತಾ ಕೂತವಳನ್ನು ಹಾದಿಹೋಕರು ನಿಂತು ನೋಡುತ್ತಿದ್ದರು. ಹಾಗೆ ಕೆಲವು ವಾರ ಕಳೆದ ಮೇಲೆ ಸರ್ಜನ್ ಮೇಡಂ ಮತ್ತೊಮ್ಮೆ ಉಸಿರಿನ ಪರೀಕ್ಷೆ ಮಾಡಿಸಿ, ಎಡಗಡೆಗೆ ದಿನ ಗೊತ್ತು ಮಾಡಿದರು.

ಆ ದಿನ ಆಪರೇಷನ್ ಕೋಣೆಯ ಹೊರಗೆ ಅತ್ತಿಗೆ ಪಟ್ಟ ಪಾಡು ಅವಳಿಗೇ ಗೊತ್ತು. ಒಳಗೆ ಎಡಗಡೆಯ ಗಾಳಿ ಇಳಿಸಿದ್ದಾರೆ. ತಾನು ಕಾವಲು ಕೂತು ಹಾಳುಮಾಡಹೊರಟಿದ್ದ ಬಲಗಡೆಯದೊಂದೇ ಈಗ ಗಾಳಿಯಕ್ಕನನ್ನು ಹೊತ್ತುಕೊಂಡಿದೆ. ಬ್ರೇಕಿಲ್ಲದಣ್ಣ ಪಕ್ಕದಲ್ಲಿ ಕೂತಿದ್ದ, ಅಂದು ಅವನ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ.

ಗಾಳಿಯಕ್ಕನಿಗೆ ಎಚ್ಚರವಾದಾಗ ಮೇಡಂ ಎದುರಿಗಿದ್ದರು. ಒಣಗಿದ ನಾಲಿಗೆಯಲ್ಲಿ ಅವಳು ಕೇಳಿದ್ದು ಒಂದೇ: "ಬಲಗಡೆದು ನಿಂತಿತಾ?"

"ನಿಂತಿತು. ಒಂದು ಸಲವೂ ಅಳುಕಲಿಲ್ಲ."

ಯಾರೂ ಹೇಳುವ ಮೊದಲೇ ಅವಳು ದಿಂಬಿಗೆ ಕೈಚಾಚಿದಳು.

ನಳಿಗೆ ಇನ್ನೂ ಪಕ್ಕೆಯಲ್ಲಿದ್ದಾಗಲೇ ಎಡಗಡೆಯ ವರದಿ ಬಂತು. ಅದೂ ಕ್ಯಾನ್ಸರೇ, ಎಲ್ಲಿಗೂ ಹರಡುವ ಮೊದಲೇ ಪೂರ್ತಿ ಹೊರಗೆ ಬಂದಿತ್ತು. ಇನ್ನು ಆಗಾಗ ಬಂದು ಸ್ಕ್ಯಾನ್ ಮಾಡಿಸಿಕೊಂಡರೆ ಸಾಕೆಂದು ಮೇಡಂ ಹೇಳಿದರು. ಅವರು ಹೊರಡುವಾಗ ಅತ್ತಿಗೆ ಅಡ್ಡ ಬಂದು ಕೇಳಿದಳು. "ಮೇಡಂ, ನಾವು ಮೊದಲು ಮಾಡ್ತಿದ್ದ ಹಾಗೇ ಗುಳ್ಳೆ ತಡೀತಾ ಕೂತಿದ್ರೆ?"

"ಎಡಗಡೆಯದು ಇನ್ನೂ ಒಳಗೇ ಇರ್ತಿತ್ತು," ಎಂದರು ಮೇಡಂ. "ಬೆಳೀತಾ."

ಅತ್ತಿಗೆ ಮಂಚದ ಪಕ್ಕಕ್ಕೆ ಬಂದು ಕುಸಿದು ಕೂತಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದು ಹೊರಗೆ ಬಾರದ ಹಾಗೆ, ಭುಜ ಕುಲುಕಿಸುತ್ತಾ ಬಿಕ್ಕತೊಡಗಿದಳು. "ನಾನೇ ಕಣೇ ನಿನ್ನ ಸುಮ್ಮನಿರಿಸ್ತಾ ಕೂತಿದ್ದು. ನನ್ನ ಕೈಯಾರೆ ನಿನ್ನ..."

ಗಾಳಿಯಕ್ಕ ನೋವಿಗೆ ಹಲ್ಲು ಕಚ್ಚಿ ಮಗ್ಗುಲಾದಳು. ಕಪ್ಪು ಹಿಡಿದ ಉಗುರಿನ ಕೈ ಚಾಚಿ ಅತ್ತಿಗೆಯ ಬಾಯಿಂದ ಸೆರಗು ಕಿತ್ತಳು.

"ಅಳೋದಾದ್ರೆ ಪೂರ್ತಿ ಉಸಿರು ತಗೊಂಡು ಅಳು," ಎಂದಳು. "ಅರ್ಧಂಬರ್ಧ ಉಸಿರಲ್ಲಿ ಅಳ್ಬೇಡ. ನನಗೆ ನೀನು ಇನ್ನೂ ಬಹಳ ದಿನ ಬೇಕು."

ಅತ್ತಿಗೆ ಬಾಯಿಬಿಟ್ಟು ಅತ್ತಳು. ಗಂಡ ಸತ್ತ ದಿನವೂ ಅಷ್ಟು ಜೋರಾಗಿ ಅತ್ತಿರಲಿಲ್ಲ. ಇಡೀ ವಾರ್ಡು ತಿರುಗಿ ನೋಡಿತು, ನರ್ಸ್ ಓಡಿ ಬಂದಳು. ಆ ರಂಪ ನೋಡಿ ಗಾಳಿಯಕ್ಕನಿಗೆ ನಗು ಬಂತು, ನಗುತ್ತಾ ಕೆಮ್ಮು ಬಂತು, ಮಂಚದ ಕೆಳಗೆ ಡಬ್ಬಿ ಬುಳುಬುಳು ಎನ್ನತೊಡಗಿತು. ಇಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ.